ಧಾರೆ ಸೀರೆಗೆ ಕೊಟ್ಟ ಕೊಸರು

ಆಸಿಡ್ ಚೆಲ್ಲಿದರೆ ಏನು ಮಾಡಬೇಕು ಎಂಬ ಹೈಸ್ಕೂಲು ಲೆಕ್ಕವನ್ನು ಕಲಿಯಲು ನನಗೆ ತಗಲಿದ ಖರ್ಚು ನನ್ನ ಹೆಂಡತಿಯ ಧಾರೆ ಸೀರೆ. ಅವಳು ತೀರಿಕೊಂಡ ಮೇಲೆ ಅವಳದೆಂದು ಮನೆಯಲ್ಲಿ ಉಳಿದದ್ದು ಆ ಸೀರೆ, ಮತ್ತು ಅದನ್ನೇ ಉಟ್ಟು ಧಾರೆಗೆ ನಿಲ್ಲುತ್ತೇನೆಂದು ಹಟ ಹಿಡಿದಿದ್ದ ಮಗಳು ಗಿರಿಜೆ. ಅವಳ ಪರೀಕ್ಷೆ ಮುಗಿದೊಡನೆ ಮದುವೆ ಎಂದು ನಿಶ್ಚಯವಾಗಿತ್ತು. ಇಷ್ಟು ದುಬಾರಿಯಾಗಿ ನಾನು ಬೇರೇನನ್ನೂ ಕೊಂಡವನಲ್ಲ. ಬಿಳಿಕೆರೆಯಲ್ಲಿ ಯಾರನ್ನು ಬೇಕಾದರೂ ಕೇಳಿ.

ನಾನು ಉಪ್ಪಿನ ಮೂಟೆ ಹೊತ್ತು ಸಂತೆ ಸಂತೆ ತಿರುಗಿ, ಕೊನೆಗೆ ರಸ್ತೆ ಬದಿಯಲ್ಲಿ ಅಂಗಡಿ ಇಟ್ಟವನು. ಹೇಳಿದ ಬೆಲೆಗೆ ಕೊಂಡರೆ ನನಗೆ ಉಂಡದ್ದು ಅರಗುವುದಿಲ್ಲ. ಕೊಂಡ ಮೇಲೂ ಪುಕ್ಕಟೆಯಾಗಿ ಇನ್ನಷ್ಟು ಕೊಸರು ಕೇಳದೆ ಚೀಲದ ಬಾಯಿ ಕಟ್ಟುವುದಿಲ್ಲ. ಕೊಸರು ಕೊಡುವ ಇಲಾಖೆ ಹೆಂಡತಿಯದಾಗಿತ್ತು. ನಾನು ಊಟಕ್ಕೆ ಎದ್ದ ಹೊತ್ತಿಗೇ ಗಿರಾಕಿಗಳು ಏಕೆ ಮುತ್ತುತ್ತಿದ್ದರೆಂಬುದು ನನಗೆ ತಿಳಿಯದೆ ಇರಲಿಲ್ಲ.

ಒಂದು ಸಂಜೆ ಗಿರಿಜೆ ಪುಸ್ತಕ ನೋಡಿ ಗಟ್ಟಿಯಾಗಿ ಲೆಕ್ಕ ಮಾಡುತ್ತಿದ್ದಳು. ನಲವತ್ತೊಂಬತ್ತು ಗ್ರಾಂ ಗಂಧಕಾಮ್ಲ ನೆಲಕ್ಕೆ ಚೆಲ್ಲಿದೆ. ಅದರ ಸುಡುವ ಗುಣ ಹೋಗಲು ಎಷ್ಟು ಕಾಸ್ಟಿಕ್ ಸೋಡಾ ಬೇಕು? ನಲವತ್ತು ಗ್ರಾಂ ಎಂದು ಬಂತು.

“ಮೂವತ್ತೈದಕ್ಕೆ ಆಗಾಕಿಲ್ವೇನವ್ವ?” ಎಂದೆ.

“ಇದೇನು ಸಂತೆಯಾ ಅಪ್ಪ? ಕಮ್ಮಿ ಆದ್ರೆ ಆಸಿಡ್ ಉಳ್ಕತದೆ, ಜಾಸ್ತಿ ಆದ್ರೆ ಸೋಡಾ ಉಳ್ಕತದೆ. ಎರಡೂ ಸುಡ್ತವೆ ಕಣಪ್ಪ.”

“ಅಂಗಾದ್ರೆ ಕೊಸರು?”

“ಕೊಸರೂ ಇಲ್ಲ.”

ಕೊಸರಿಲ್ಲದ ವಿದ್ಯೆಯಿಂದ ಯಾರಿಗೆ ಏನು ಲಾಭ ಎಂದುಕೊಂಡೆ.

ಮರುದಿನ ಗಿರಿಜೆ ಬಸ್ಸು ಹತ್ತಿ ಹುಣಸೂರಿನ ಸ್ಕೂಲಿಗೆ ಹೋಗಿದ್ದಳು. ನಮ್ಮ ಜೊತೆಗೇ ಇದ್ದ ನಮ್ಮ ಅಕ್ಕ, ತನ್ನವನ್ನೂ ಆ ಧಾರೆ ಸೀರೆಯನ್ನೂ ಸೇರಿಸಿ ಪೆಟ್ಟಿಗೆಯ ರೇಷ್ಮೆ ಸೀರೆಗಳನ್ನು ಗಾಳಿಗೆಂದು ಹಿತ್ತಲಿನ ನೆರಳಲ್ಲಿ ಮಂಚದ ಮೇಲೆ ಹರವಿದ್ದಳು. ನಾನು ರೇಡಿಯೋ ನಡೆಸಲು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಒಬ್ಬನಿಂದ ಹಳೆಯ ಲಾರಿ ಬ್ಯಾಟರಿ ಕೊಂಡು ತಂದೆ. ಬಿರುಕಿಗೆ ಟಾರು ಮೆತ್ತಿದ್ದನ್ನು ತೋರಿಸಿಯೇ ಬೆಲೆ ಇಳಿಸಿದ್ದೆ. ಆ ಗೆಲುವನ್ನು ಅಕ್ಕನಿಗೆ ವರ್ಣಿಸುತ್ತ ಬ್ಯಾಟರಿಯನ್ನು ಮಂಚದ ಮೂಲೆಗೆ ಇಟ್ಟೆ.

“ಬಿರುಕು ಬುಟ್ಟಿರೋದ್ನ ತಂದಿದ್ದೀಯಲ್ಲೋ. ಮಾರ್ದೋನು ಅಲ್ಲಿ ನಗ್ತಾ ಕೂತವ್ನೆ ಕಣ,” ಎಂದಳು ಅಕ್ಕ.

ಅವಳ ಮಾತು ಮುಗಿಯುವ ಮೊದಲೇ ಟಾರು ಬಿಟ್ಟುಕೊಂಡಿತು. ಆಸಿಡ್ ಹರಿದು ಧಾರೆ ಸೀರೆಯ ಒಂದು ಅಂಚನ್ನು ನೆನೆಸಿತು.

“ಮೊದ್ಲು ನೀರು ಉಯ್ಯಿ ಕಣ್ಲಾ.”

“ನಿಂಗೆ ಗೊತ್ತಾಗಾಕಿಲ್ಲ ಬುಡಕ್ಕ, ಇದಕ್ಕೆ ಲೆಕ್ಕ ಅದೆ,” ಎಂದೆ.

ಸಾಬೂನು ಕಾಯಿಸುವವರಿಗೆಂದು ಅಂಗಡಿಯಲ್ಲಿ ಇಟ್ಟಿದ್ದ ಕಾಸ್ಟಿಕ್ ಸೋಡಾವನ್ನು ಬೋಗುಣಿಯ ನೀರಿಗೆ ಸುರಿದೆ. ಎಷ್ಟು ಆಸಿಡ್ ಚೆಲ್ಲಿತ್ತೋ ಅಳೆದವರು ಯಾರು? ಸಾಕೆನಿಸಿದ ಮೇಲೂ ಕೈ ನಿಲ್ಲಲಿಲ್ಲ. ಹೆಂಡತಿಯ ಸೀರೆ, ಇದಕ್ಕೂ ಜಿಪುಣತನ ಮಾಡುವುದೇ ಎಂದು ಇನ್ನೂ ಒಂದು ಅಳತೆ ಸುರಿದು, ಬಿಸಿಯೇರಿದ ಆ ನೀರಿನಲ್ಲಿ ಇಡೀ ಸೀರೆಯನ್ನು ಮುಳುಗಿಸಿದೆ. ಅಷ್ಟರಲ್ಲಿ ಗಿರಾಕಿ ಕೂಗಿದ. ಅವನೊಡನೆ ಚೌಕಾಸಿ ಮುಗಿಸಿ, ಗೆದ್ದು, ಬಂದು ಕೈಹಾಕಿದರೆ ರೇಷ್ಮೆ ನೆನೆದ ಕಾಗದದಂತೆ ಬೆರಳಿಗೆ ಬಿಟ್ಟುಬಂತು. ತಳದಲ್ಲಿ ಜರಿಯ ಎಳೆಗಳಿದ್ದವು.

ಸಂಜೆ ಗಿರಿಜೆ ಬಂದು ಬೋಗುಣಿಯ ಮುಂದೆ ಕುಳಿತು ಬಗ್ಗಿ ನೋಡಿದಳು.

“ಆಸಿಡ್ ಬಿದ್ದಿದ್ದು ಎಲ್ಲಿಗಪ್ಪ?”

“ಒಂದು ಅಂಚಿಗೆ.”

“ಕೂಡ್ಲೇ ನೀರು ಉಯ್ದಿದ್ರೆ ಸೀರೆ ಉಳೀತಿತ್ತು ಕಣಪ್ಪ. ರೇಷ್ಮೆನ ತಿಂದಿದ್ದು ಸೋಡಾ.” ಜರಿಯನ್ನು ತೊಳೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಅವ್ವ ಇದ್ದಿದ್ರೆ ನಗೋರು. ನಿಂಗೂ ಕೊಸರು ಕೊಡೋಕೆ ಬತ್ತದಾ ಅಂತ.”

ಮದುವೆಗೆ ಮೈಸೂರಿನಿಂದ ಹೊಸ ಸೀರೆ ತಂದೆ. ಅಂಗಡಿಯವನು ಹೇಳಿದ ಬೆಲೆಗೇ ತಂದೆ. ಧಾರೆಯ ಹೊತ್ತಿಗೂ ಆ ಜರಿಯ ಗಂಟು ಅವಳ ಸೆರಗಿನಲ್ಲಿತ್ತು. ನಾನು ಕಾಣದವನಂತೆ ನೀರು ಬಿಟ್ಟೆ.

ಆದ್ದರಿಂದ ಓದುವವರಿಗೆ ನಾನು ಹೇಳುವುದಿಷ್ಟು. ಬ್ಯಾಟರಿಯ ಆಸಿಡ್ ಬಟ್ಟೆಗೆ ಬಿದ್ದರೆ ಯೋಚಿಸದೆ ನೀರು ಹೊಯ್ಯಿರಿ, ಧಾರಾಳವಾಗಿ ಹೊಯ್ಯಿರಿ. ಬಿರುಕು ಬಿಟ್ಟ ಬ್ಯಾಟರಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಮನೆಯಲ್ಲಿ ಮಕ್ಕಳು ಲೆಕ್ಕ ಹೇಳಿದರೆ ಪೂರ್ತಿ ಕೇಳಿ. ನಮ್ಮ ಅಂಗಡಿಗೂ ಬನ್ನಿ. ಉಪ್ಪು, ಬೆಲ್ಲ, ಬೇಳೆ ಯಾವುದಕ್ಕಾದರೂ ಕೊಸರು ಕೇಳಿ, ಈಗ ನಾನೇ ಕೊಡುತ್ತೇನೆ. ಕಾಸ್ಟಿಕ್ ಸೋಡಾಕ್ಕೆ ಮಾತ್ರ ಕೇಳಬೇಡಿ.