ಕೋಟು ತೊಡಿಸುವ ನಮ್ಮ ಮಾವ

ಬೀದರ ಜಿಲ್ಲೆಯ ಅರ್ಧದಷ್ಟು ಗಂಡಸರಿಗೆ ಕೋಟು ತೊಡಿಸಿದವರು ನಮ್ಮ ಸೋದರಮಾವ. ಹಾಗಂತ ಅವರನ್ನು ದರ್ಜಿ ಅಂದುಕೊಂಡೀರಿ! ಸೂಜಿಗೆ ದಾರ ಪೋಣಿಸಲೂ ಅವರಿಗೆ ಬರುವುದಿಲ್ಲ. ಚಿದ್ರಿಯಲ್ಲಿ ಅವರದೊಂದು ಬ್ಯಾನರ್ ಅಂಗಡಿ. ಲುಂಗಿ ಬನಿಯನ್ನಿನ ಫೋಟೋ ತಂದವನಿಗೂ ಕಂಪ್ಯೂಟರಿನಲ್ಲಿ ಒಂದು ನೀಲಿ ಕೋಟು ಏರಿಸಿಬಿಡುತ್ತಾರೆ. ಇರುವುದು ಅದೊಂದೇ ಕೋಟು. ಔರಾದಿನ ಮದುಮಗ, ಭಾಲ್ಕಿಯ ಲೀಡರು, ನಮ್ಮ ಚರ್ಚಿನ ಹೊಸ ಸಭಾಪಾಲಕರು, ಎಲ್ಲರೂ ಅದರಲ್ಲೇ ಮಿಂಚಿದ್ದಾರೆ.

ಈ ವಿದ್ಯೆ ಯಾರು ಕಲಿಸಿದರು? ಯಾರೂ ಇಲ್ಲ! ಝೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಮಾಲೀಕರು ಊಟಕ್ಕೆ ಹೋದ ಹೊತ್ತಿನಲ್ಲಿ ಒಂದೊಂದೇ ಕೀ ಒತ್ತಿ ಕಲಿತರಂತೆ. "ಕೆಡಸದೇ ಕಲಿಲಾಕ ಬರ್ತದೇನು?" ಅನ್ನುತ್ತಾರೆ. ಮಾಲೀಕರ ಮಗಳ ಲಗ್ನಪತ್ರಿಕೆ ಅಳಿಸಿಹೋಗಿದ್ದು ಈ ವಿದ್ಯಾಭ್ಯಾಸದ ಕಾಲದಲ್ಲೇ. ಮಾವ ಅದನ್ನು ನೆನಪಿನಿಂದಲೇ ಮತ್ತೆ ಮಾಡಿ, ಎರಡು ನವಿಲು ಹೆಚ್ಚಿಗೆ ಕೂರಿಸಿದರು. ನವಿಲು ನೋಡಿದ ಮಾಲೀಕರು ಕಂಪ್ಯೂಟರಿನ ಮುಂದಿನ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಒಮ್ಮೆ ಭಾಲ್ಕಿಯಿಂದ ಹುಟ್ಟುಹಬ್ಬದ ಬ್ಯಾನರಿಗೆ ಬಂದವರು ಶುಭ ಕೋರುವವರ ಮೂವತ್ತು ಮುಖ ತಂದರು. ಅವರಲ್ಲೊಬ್ಬ ಸ್ಕೇಲು ಹಿಡಿದು ತೆರೆಯ ಮೇಲೇ ಅಳೆದ.

"ಮಾಮಾ, ಅವನ ತಲಿ ನನ್ನ ತಲಿಗಿಂತ ದೊಡ್ಡದ ಅದಲ್ರಿ!"

"ನಿನ್ನ ತಲಿಗಿ ಒಂದು ಕಿರೀಟ ಇಡ್ತೇನಿ, ಸುಮ್ಕಿರು," ಅಂದರು ಮಾವ.

ಅದನ್ನು ಕೇಳಿ ಉಳಿದವರು ಸುಮ್ಮನಿದ್ದಾರೆಯೇ? ಹೊತ್ತು ಮುಳುಗುವುದರೊಳಗೆ ಮೂವತ್ತು ಕಿರೀಟ! ಹುಟ್ಟುಹಬ್ಬದವನೊಬ್ಬನೇ ಬರೀ ತಲೆಯಲ್ಲಿ ನಗುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಭಾತಂಬ್ರಾದಿಂದ ಒಬ್ಬ ಅಜ್ಜಿ ಬಂದರು. ಮೊಮ್ಮಗಳ ಮದುವೆ ಬ್ಯಾನರಿನಲ್ಲಿ ತಮ್ಮ ಗಂಡನ ಪಕ್ಕದಲ್ಲಿ ತಾವು ಕೂತಿರಬೇಕು, ಅದೊಂದೇ ಆಸೆ. ಇಬ್ಬರೂ ಕೂಡಿ ಫೋಟೋ ತೆಗೆಸಿಕೊಂಡೇ ಇರಲಿಲ್ಲ. ಗಂಡ ಇಪ್ಪತ್ತೈದಕ್ಕೇ ತೀರಿಹೋದವರು. ಅಜ್ಜಿ ತಂದದ್ದು ಅವರ ಒಂದೇ ಒಂದು ಸಣ್ಣ ಫೋಟೋ. ಅದಕ್ಕೆ ಅಜ್ಜಿಯ ಈಗಿನ ಫೋಟೋ ಜೋಡಿಸಿ ನೋಡಿದರೆ ತಾಯಿ ಮಗನಂತೆ ಕಂಡಿತು! ಮಾವ ತಮ್ಮ ಕೈಚಳಕವನ್ನೆಲ್ಲ ಸುರಿದು ಅಜ್ಜಿಯನ್ನು ಇಪ್ಪತ್ತರ ಹುಡುಗಿ ಮಾಡಿದರು. ನಾನಂತೂ ಬಾಯಿ ಬಿಟ್ಟುಕೊಂಡು ನೋಡಿದೆ.

ಅಜ್ಜಿ ತಲೆ ಅಲ್ಲಾಡಿಸಿದರು. "ಈಕಿ ನಾ ಅಲ್ರಿ, ತಮ್ಮಾ. ಈಕಿ ಇನ್ನಾ ಏನೂ ನೋಡಿಲ್ಲ. ಮಾಡೋದಿದ್ರ ಅವರನ್ನ ಮುದುಕ ಮಾಡ್ರಿ. ನನ್ನ ಕೂಡ ಇದ್ದಿದ್ರ ಹ್ಯಾಂಗ ಆಗ್ತಿದ್ರು, ಹಂಗ."

ಮಂದಿಯನ್ನು ಹರೆಯಕ್ಕೆ ತರುವುದರಲ್ಲೇ ಕೂದಲು ನೆರೆತಿದ್ದ ಮಾವ ಪೇಚಿಗೆ ಬಿದ್ದರು. ಮರುದಿನ ಬಸ್ಸು ಹತ್ತಿ ಔರಾದಿಗೆ ಹೋದರು. ಅಲ್ಲಿದ್ದ ಅಜ್ಜಿಯ ಮುದಿ ಮೈದುನನನ್ನು ಬಿಸಿಲಿಗೆ ಕೂರಿಸಿ, ಹಣೆಯ ಗೆರೆ, ಕತ್ತಿನ ಸುಕ್ಕು ಎಲ್ಲದರ ಫೋಟೋ ಹಿಡಿದು ತಂದರು. ಮೂರು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಸಣ್ಣ ಫೋಟೋದ ಆ ಹುಡುಗನ ಮುಖದ ಮೇಲೆ ಅವರು ಒಂದೊಂದೇ ವರ್ಷ ಇಳಿಸುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ನಮ್ಮ ಮಾವ ದೊಡ್ಡ ಕಲಾವಿದರು, ಬಿಡಿ.

ಅಜ್ಜಿ ಬಂದಾಗ ತೆರೆಯ ಮೇಲೆ, ಅವರ ಪಕ್ಕದಲ್ಲಿ, ಬಿಳಿಮೀಸೆಯ ಮುದುಕರೊಬ್ಬರು ಕೂತಿದ್ದರು. ಅಜ್ಜಿ ಸೆರಗು ತಲೆಯ ಮೇಲೆಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಆ ಮುದುಕರನ್ನೇ ಕೇಳಿದರು:

"ನಿಮಗೂ ಮೊಣಕಾಲು ನೋಯ್ತಾವೇನ್ರಿ?"

ಮಾವ ಕಣ್ಣೊರೆಸಿಕೊಂಡು, ಆ ಮುದುಕರ ಪರವಾಗಿ ತಾವೇ ಹೇಳಿದರು:

"ನೋಯ್ತಾವಂತ್ರಿ, ಅವ್ವಾ."