ಮಲ್ಲಪ್ಪನವರ ಮೊದಲ ಓಟು

"ಗವರ್ನರ್ ಅಂದ್ರ ರಾಜ್ಯ ನಡಿಸಿದಾವ. ನಿನ್ನ ಆ ಸೆನೆಟರ್ ಹೆಣ್ಮಗಳು ಏನ ನಡಿಸ್ಯಾಳ?" ಎಂದರು ಮಲ್ಲಪ್ಪ.

"ಕೇಳಿದ್ದಕ್ಕ ಉತ್ತರಾ ಕೊಡ್ತಾಳ್ರಿ," ಎಂದರು ಬಂಗಾರೆವ್ವ. "ನಿಮ್ಮ ಗವರ್ನರ್ ಕೂಸುಗಳ ಡೇಕೇರ್ ಬಗ್ಗೆ ಕೇಳಿದ್ರ ತನ್ನ ಅಜ್ಜನ ಕಥಿ ಹೇಳ್ತಾನ."

"ಹಿರ್ಯಾರ ಮ್ಯಾಲ ಮರ್ಯಾದಿ ಇದ್ದಾವ."

ಸ್ಯಾನ್ ಹೊಸೆಯ ಆ ಮನೆಯ ಊಟದ ಮೇಜಿನ ಮೇಲೆ, ಅಂಚೆಯಲ್ಲಿ ಬಂದ ಎರಡು ಮತಪತ್ರದ ಲಕೋಟೆಗಳು ಒಂಬತ್ತು ದಿನದಿಂದ ಬಿದ್ದಿದ್ದವು. ಬಾಗಲಕೋಟೆಯ ಈ ದಂಪತಿ ಅಮೆರಿಕದ ಪೌರರಾಗಿ ವರ್ಷವಾಗಿತ್ತಷ್ಟೆ. ಇದೇ ಮೊದಲ ಓಟು. ಅಧ್ಯಕ್ಷರ ಚುನಾವಣೆ ಇನ್ನೂ ದೂರವಿತ್ತು. ಪಕ್ಷದ ಅಭ್ಯರ್ಥಿ ಆ ಗವರ್ನರನೋ ಆ ಸೆನೆಟರೋ ಎಂಬುದು ಮೊದಲು ಈ ಓಟಿನಲ್ಲಿ ತೀರ್ಮಾನವಾಗಬೇಕಿತ್ತು. ಒಂದೇ ಮನೆಯಿಂದ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಓಟು ಹೋದರೆ ಎರಡೂ ದಂಡ ಎಂದು ಮಲ್ಲಪ್ಪ ನಂಬಿದ್ದರು. ಹೆಂಡತಿ ಒಪ್ಪುವವರೆಗೆ ಲಕೋಟೆ ಒಡೆಯುವಂತಿಲ್ಲ ಎಂದಿದ್ದರು.

ವಾಕಿಂಗಿನಲ್ಲಿ, ಗ್ರೋಸರಿ ಅಂಗಡಿಯ ಸಾಲಿನಲ್ಲಿ ಅವರು ಬಿಡದೆ ಹೇಳಿದರು. ಒಮ್ಮೆ ಗವರ್ನರನ ಗುಣಗಾನದಲ್ಲಿ ಫ್ರೀವೇಯಿಂದ ಇಳಿಯುವ ಎಕ್ಸಿಟ್ಟೇ ತಪ್ಪಿ ಪಕ್ಕದೂರು ಮಿಲ್ಪಿಟಾಸ್ ನೋಡಿಕೊಂಡು ಬಂದರು. ಬಂಗಾರೆವ್ವ ದಾರಿಯುದ್ದಕ್ಕೂ ಬರೀ ಹೂಂ ಅನ್ನುತ್ತ ಬಂದರು. ಮೆತ್ತಗಾಗುತ್ತಿದ್ದಾಳೆ ಎಂದುಕೊಂಡರು ಮಲ್ಲಪ್ಪ.

ಹತ್ತನೆಯ ದಿನ ಬೆಳಗ್ಗೆ ಆಕೆ ಕತ್ತರಿ ತಂದಿಟ್ಟರು. "ಇವತ್ತ ಕಡೀ ದಿನ. ಒಡೀರಿ."

ಬಂಗಾರೆವ್ವನ ಹಾಳೆಯಲ್ಲಿ ಅಧ್ಯಕ್ಷ ಹುದ್ದೆಯ ಹೆಸರುಗಳು ಮೇಲೆಯೇ ಇದ್ದವು. ಮಲ್ಲಪ್ಪನವರ ಹಾಳೆಯಲ್ಲಿ, ಅಲ್ಲಿ ಓಟಿನಿಂದಲೇ ಆರಿಸುವ ಜಡ್ಜರಿದ್ದರು, ಶಾಲಾ ಮಂಡಳಿಯಿತ್ತು. ಅಧ್ಯಕ್ಷರ ಸುದ್ದಿಯೇ ಇರಲಿಲ್ಲ. ಎರಡು ಸಲ ತಿರುವಿ ನೋಡಿ, ಮುದ್ರಣದ ತಪ್ಪು ಎಂದರು. ಬಂಗಾರೆವ್ವ ಜೊತೆಗಿದ್ದ ಚೀಟಿ ಓದಿದರು.

"ಓಟರ್ ಲಿಸ್ಟಿಗೆ ಹೆಸರು ಹಚ್ಚುವಾಗ ಯಾವ ಪಕ್ಷ ಅಂತ ಬರದ್ರಿ?"

"ಯಾವುದೂ ಇಲ್ಲ ಅಂತ. ಸರ್ಕಾರದವ್ರಿಗೆ ಎಲ್ಲಾ ಯಾಕ ಹೇಳಬೇಕು?"

ಪಕ್ಷದಲ್ಲಿ ಹೆಸರಿದ್ದವರಿಗೆ ಮಾತ್ರ ಆ ಪಟ್ಟಿ ಎಂದು ಆಕೆ ವಿವರಿಸಿದರು. ಚುನಾವಣಾ ಆಫೀಸಿಗೆ ಹೋಗಿ ಪಕ್ಷ ಬರೆಸಿದರೆ ಇವತ್ತೂ ಹೊಸ ಹಾಳೆ ಕೊಡುತ್ತಾರಂತೆ. ಅಲ್ಲಿ ಹೋಗಿ ತಪ್ಪೊಪ್ಪಿಕೊಳ್ಳಲು ಮಲ್ಲಪ್ಪ ಸಿದ್ಧರಿರಲಿಲ್ಲ.

ಬಂಗಾರೆವ್ವ ಪೆನ್ನು ಹಿಡಿದು ಒಂದು ಹೆಸರಿನ ಮುಂದಿನ ಸೊನ್ನೆ ತುಂಬಿದರು. ಯಾರಿಗೆಂದು ಮಲ್ಲಪ್ಪ ಕೇಳಲಿಲ್ಲ. ಆಕೆಯ ಕೈ ಒಂದಿಷ್ಟೂ ತಡವರಿಸದ್ದನ್ನು ನೋಡಿದ್ದರು.

ತಮ್ಮ ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು ಜಡ್ಜರ ಹೆಸರುಗಳ ಮೇಲೆ ಬೆರಳಾಡಿಸಿದರು. ಕೊನೆಗೆ ಮದುವೆಯಾಗಿ ನಲವತ್ತು ವರ್ಷದಲ್ಲಿ ಕೇಳದ್ದನ್ನು ಕೇಳಿದರು.

"ಈ ಜಡ್ಜ್ ಇಬ್ಬರೊಳಗ ನಿನಗ ಯಾರು ಚಲೋ ಅನಸ್ತಾರ?"

ಬಂಗಾರೆವ್ವ ಲಕೋಟೆ ಅಂಟಿಸುತ್ತಿದ್ದರು.

"ನಾ ಪಕ್ಷದಾಕಿ, ನನ್ನ ಕೇಳಬ್ಯಾಡ್ರಿ. ಜಡ್ಜನ್ನ ಆರಸಾಕ ನಿಮ್ಮಂಥಾ ಪಕ್ಷ ಇಲ್ಲದವ್ರ ಬೇಕು."