ಷಡ್ಡಕನ ಅಂಗಿಗಳು ಮತ್ತು ನನ್ನ ಹೊಟ್ಟೆಕಿಚ್ಚು

ನನ್ನ ಷಡ್ಡಕನನ್ನು ನೋಡಬೇಕೆಂದರೆ ನೀವು ಹಗರಿಬೊಮ್ಮನಹಳ್ಳಿಯ ತನಕ ಹೋಗಬೇಕಾಗಿಲ್ಲ. ಕೊಟ್ಟೂರಿನ ನಮ್ಮ ಮನೆಯ ಮಾಳಿಗೆ ಹತ್ತಿ ಆ ದಿಕ್ಕಿಗೆ ಕಣ್ಣು ಹಾಯಿಸಿ, ಕಂಡರೂ ಕಂಡಾನು! ಅಂಥ ಅಂಗಿ ಹಾಕುತ್ತಾನೆ ಪುಣ್ಯಾತ್ಮ. ಗಿಳಿಹಸಿರು ಅಂಗಿ, ನೇರಳೆ ಪ್ಯಾಂಟು, ಮೇಲೊಂದು ಟೋಪಿ. ಷಡ್ಡಕ ಎಂದರೆ ಗೊತ್ತಲ್ಲ, ನನ್ನ ಹೆಂಡತಿಯ ತಂಗಿಯ ಗಂಡ. ಒಂದೇ ಮನೆಯ ಇಬ್ಬರು ಅಳಿಯಂದಿರ ನಡುವೆ ಏನಿರಬೇಕೋ ಅದು ನಮ್ಮ ನಡುವೆಯೂ ಇದೆ. ಅಂದರೆ, ಅವನಿಗೆ ನನ್ನ ಮೇಲೆ ಪ್ರೀತಿ, ನನಗೆ ಅವನ ಮೇಲೆ ಹೊಟ್ಟೆಕಿಚ್ಚು.

ಅವನೇನು ಸಿನಿಮಾದವನಲ್ಲ. ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಹಗಲೆಲ್ಲ ಗ್ರೀಸು ಮೆತ್ತಿದ ಬನಿಯನ್. ಸಂಜೆ ಸ್ನಾನ ಮಾಡಿ ಹೊರಬಿದ್ದನೆಂದರೆ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಕರಿಯುವವನು ಬಾಣಲೆಯಿಂದ ಜಾಲರಿ ಸೌಟು ಎತ್ತುವುದನ್ನು ಮರೆತು ನೋಡುತ್ತಾನೆ. ಅದೆಷ್ಟು ಮಿರ್ಚಿ ಕರಕಾದವೋ!

ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನನ್ನ ಬೀರುವಿನಲ್ಲಿ ಮೂರು ಬಗೆಯ ಅಂಗಿಗಳಿವೆ: ಬೂದಿ ಬಣ್ಣದವು, ತಿಳಿ ಬೂದಿ ಬಣ್ಣದವು, ಮತ್ತು ಒಗೆದು ಒಗೆದು ಬೂದಿಯಾದವು.

ಹೂವಿನಹಡಗಲಿಯಲ್ಲಿ ನಮ್ಮ ಅತ್ತೆಯ ಮನೆ. ಒಂದು ಸಲ ಹಬ್ಬಕ್ಕೆ ಇಬ್ಬರೂ ಹೋಗಿದ್ದೆವು. ಇವನು ಗುಲಾಬಿ ಬಣ್ಣದ ಕೋಟು ತೊಟ್ಟು, ಅದರ ಜೇಬಿಗೆ ಒಂದು ತುಂಡು ಮಲ್ಲಿಗೆ ಮಾಲೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಓಣಿಯ ಹೆಂಗಸರೆಲ್ಲ ಅವನನ್ನು ಮಾತಾಡಿಸಿಕೊಂಡು ಹೋದರು. ಪಕ್ಕದ ಮನೆಯ ಅಜ್ಜಿ ಮಾತ್ರ ನನ್ನನ್ನೂ ಗಮನಿಸಿದಳು. ಗಮನಿಸಿ ಅತ್ತೆಯನ್ನು ಕೇಳಿದಳು: "ಅಳಿಯಾರನ್ನ ಕಾರಿನಾಗ ಕರ್ಕೊಂಡು ಬಂದ ಡ್ರೈವರಪ್ಪಗ ಊಟಕ್ಕ ಕೊಟ್ರೇನ?"

ಹದಿನೆಂಟು ವರ್ಷದಿಂದ ನಾನು ಆ ಮನೆಯ ಹಿರಿಯ ಅಳಿಯ!

ಹರಪನಹಳ್ಳಿಯಲ್ಲಿ ಹೆಂಡತಿಯ ಸೋದರಮಾವ ತೀರಿಕೊಂಡಾಗ ನನಗೆ ದುಃಖದ ನಡುವೆಯೂ ಒಂದು ಸಣ್ಣ ಸಮಾಧಾನ. ಸಾವಿನ ಮನೆಗಾದರೂ ಇವನು ಮನುಷ್ಯರ ಹಾಗೆ ಬರಬೇಕಲ್ಲ? ಬಂದ. ಕಿತ್ತಳೆ ಬಣ್ಣದ ಅಂಗಿ! ಈಗ ಯಾರಾದರೂ ಬೈಯುತ್ತಾರೆ ಎಂದು ನಾನು ಆಸೆಯಿಂದ ಕಾದೆ. ಅವನು ಸೀದಾ ಹೋಗಿ ತೀರಿಕೊಂಡ ಮಾವನ ಹೆಂಡತಿಯ ಎದುರು ಕೂತು, "ಹೋದ ತಿಂಗಳು ಮಾವ ಈ ಅಂಗಿ ಮುಟ್ಟಿ ನೋಡಿ, ಭಾಳ ಚೆಂದ ಐತೆಲೋ ಅಂದಿದ್ರು, ಅದಕ್ಕ ಹಾಕ್ಕೊಂಡು ಬಂದೆ" ಅಂದ. ಆ ತನಕ ಕಲ್ಲಿನಂತೆ ಕೂತಿದ್ದ ಆ ತಾಯಿ ಅವನ ತೋಳು ಹಿಡಿದುಕೊಂಡು ಅತ್ತರು. ನನ್ನ ಬೂದಿ ಬಣ್ಣದ ಅಂಗಿಯ ಮೇಲೆ ಒಂದು ಹನಿ ಕಣ್ಣೀರೂ ಬೀಳಲಿಲ್ಲ.

ಇಷ್ಟನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಅವನು ನನ್ನ ಮಗಳ ವಿಷಯಕ್ಕೂ ಬಂದ.

ಮಗಳಿಗೆ ಹದಿನಾರು ದಾಟಿತ್ತು. ಒಂದೇ ವರ್ಷದಲ್ಲಿ ನನಗಿಂತ ಎತ್ತರ ಬೆಳೆದುಬಿಟ್ಟಳು. ಕಾಲೇಜಿನ ಹುಡುಗಿಯರು ಅವಳನ್ನು 'ಕರೆಂಟ್ ಕಂಬ' ಎಂದು ಕರೆಯತೊಡಗಿದರು. ಅಂದಿನಿಂದ ಕೂಸು ಭುಜ ಬಗ್ಗಿಸಿ, ಕತ್ತು ಒಳಗೆಳೆದುಕೊಂಡು ನಡೆಯುವುದನ್ನು ಕಲಿತಳು. ವಾರ್ಷಿಕೋತ್ಸವದ ನಿರೂಪಣೆಗೆ ಅವಳನ್ನು ಆರಿಸಿದರೆ ಒಲ್ಲೆ ಎಂದು ಅತ್ತಳು. ಅಷ್ಟರೊಳಗೆ ನಾನು ಮಾಡದ ಉಪಾಯವಿರಲಿಲ್ಲ. ಯೋಗ ಮಾಡಿಸಿದೆ. ಕ್ಯಾಲ್ಸಿಯಂ ಗುಳಿಗೆ ತಂದೆ. ಆರು ತಿಂಗಳು ದಿನಕ್ಕೆ ಹತ್ತು ಸಲ "ನೆಟ್ಟಗ ನಿಂತ್ಕೊ" ಅಂದೆ. ಅಂದಷ್ಟೂ ಬಗ್ಗಿದಳು.

ಒಂದು ಭಾನುವಾರ ಷಡ್ಡಕ ಬಂದ. ಕೈಯಲ್ಲೊಂದು ಪೆಟ್ಟಿಗೆ. ಒಳಗೆ ಏನಿತ್ತು ಅಂತೀರಿ? ಮೂರು ಇಂಚಿನ ಹಿಮ್ಮಡಿಯ ಕೆಂಪು ಚಪ್ಪಲಿ!

"ಚಿಕ್ಕಪ್ಪಾ, ನಾನು ಮೊದ್ಲ ಉದ್ದ ಅದೀನಿ!" ಅಂದಳು ಮಗಳು.

"ಅದೀಯಲ್ಲ, ಮತ್ತ? ಬಗ್ಗಿ ನಡದ್ರ ಗಿಡ್ಡಾಕಿ ಆಗ್ತಿಯೇನು? ಬಗ್ಗಿದ ಉದ್ದನಾಕಿ ಆಗ್ತಿ, ಅಷ್ಟ. ಜನ ಹೆಂಗಾದ್ರೂ ನೋಡ್ತಾರವ್ವಾ. ಛಲೋತ್ನಾಗಿ ನೋಡ್ಲಿ ಬಿಡು."

ಅವಳು ಹಾಕಿಕೊಂಡಳು. ಎರಡು ಸಲ ತೊಡರಿದಳು. ಹಿಮ್ಮಡಿಯ ಚಪ್ಪಲಿಯಲ್ಲಿ ಬಗ್ಗಿ ನಡೆದರೆ ಮುಗ್ಗರಿಸಿ ಬೀಳುತ್ತಾರೆ, ನೆಟ್ಟಗಾಗಲೇಬೇಕು. ಐದೇ ನಿಮಿಷದಲ್ಲಿ ನನ್ನ ಮಗಳು ಪಡಸಾಲೆಯಲ್ಲಿ ತಲೆ ಎತ್ತಿ ನಡೆಯುತ್ತಿದ್ದಳು, ನಗುತ್ತಿದ್ದಳು. ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ. ನಾನು ಸಂತೋಷಪಡಬೇಕಿತ್ತು. ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದೆ.

"ಯಾಕ್ರೀ, ಮಾರಿ ಸಣ್ಣಗಾತು?" ಹೆಂಡತಿ ಕೇಳಿದಳು.

"ಕ್ಯಾಲ್ಸಿಯಂ ಗುಳಿಗಿ ಈಗ ಕೆಲಸ ಮಾಡಾಕ ಹತ್ತೇತಿ ನೋಡು" ಅಂದೆ.

ನಿರೂಪಣೆಗೆ ಅವಳು ಒಪ್ಪಿದಳು. ಅಂದು ಅವನು ಬಂದೇ ಬರುತ್ತಾನೆ, ನವಿಲಿನಂತೆ ಬರುತ್ತಾನೆ, ಮಗಳ ಕಣ್ಣೆಲ್ಲ ಅವನ ಮೇಲೇ! ಅದನ್ನು ನೆನೆದು ನನಗೆ ತಡೆಯಲಾಗಲಿಲ್ಲ. ಕೊಟ್ಟೂರಿನಲ್ಲಿ ಕೊಂಡರೆ ಯಾರಾದರೂ ನೋಡಿಯಾರೆಂದು ಕೂಡ್ಲಿಗಿಗೆ ಹೋಗಿ ಅಂಗಿ ಆರಿಸಿದೆ. ಅರಿಸಿನ ಬಣ್ಣ, ಮೈತುಂಬ ಕೆಂಪು ಹಕ್ಕಿಗಳು.

"ಮಗಗೇನ್ರಿ ಸಾರ್?" ಅಂಗಡಿಯವನು ಕೇಳಿದ.

"ಹೌದು. ಅವಂದೂ ನನ್ನ ಅಳತೀನ" ಅಂದೆ. ನನಗೆ ಮಗನೇ ಇಲ್ಲ!

ವಾರ್ಷಿಕೋತ್ಸವದ ದಿನ ಹಕ್ಕಿಗಳನ್ನು ಹೊತ್ತುಕೊಂಡು ಕಾಲೇಜಿನ ಗೇಟಿಗೆ ಹೋದೆ. ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ನಮಸ್ಕಾರಕ್ಕೆ ಎತ್ತಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದರು. ಗೋಡೆಯ ಪಕ್ಕ ಬಿಳಿ ಅಂಗಿಯ ಒಬ್ಬ ಮನುಷ್ಯ ಕೈಕಟ್ಟಿ ನಿಂತಿದ್ದ. ದಾಟಿ ಹೋಗುತ್ತಿದ್ದೆ. "ಅಣ್ಣಾರ" ಎಂದು ಅವನೇ ಕರೆದ. ನನ್ನ ಷಡ್ಡಕ!

"ಇದೇನೋ, ಹಿಂಗ ಬಂದೀಯಲ್ಲ? ಮೈಯಾಗ ಹುಷಾರಿಲ್ಲೇನು?"

"ಹುಷಾರದೀನ್ರಿ. ಇವತ್ತು ಎಲ್ಲಾರೂ ಅಕಿನ್ನ ನೋಡಬೇಕು. ನಾನು ಬಣ್ಣ ಹಾಕ್ಕೊಂಡು ಕುಂತ್ರ ಅರ್ಧ ಮಂದಿ ಹಿಂದಕ ತಿರುಗಿ ನೋಡ್ತಾರ." ಆಮೇಲೆ ನನ್ನ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದ. ನಗಬಹುದಿತ್ತು, ನಗಲಿಲ್ಲ. "ಭಾಳ ಒಪ್ಪೈತ್ರಿ ನಿಮಗ" ಅಂದ. ಅವನು ನಿಜವಾಗಿಯೂ ಹಾಗೆಂದುಕೊಂಡೇ ಅಂದ, ಅದು ಇನ್ನೂ ಚುಚ್ಚಿತು. ನಾನು ನನ್ನನ್ನು ತೋರಿಸಿಕೊಳ್ಳಲು ಬಂದಿದ್ದೆ. ಅವನು ನನ್ನ ಮಗಳಿಗಾಗಿ ಕಾಣದಂತಾಗಿ ಬಂದಿದ್ದ.

ಮಗಳು ವೇದಿಕೆಗೆ ಬಂದಳು. ಮೈಕು ಅವಳ ಎದೆಯ ಮಟ್ಟಕ್ಕಿತ್ತು. ತಾನೇ ಮೇಲಕ್ಕೆ ಏರಿಸಿಕೊಂಡಳು. "ಎಲ್ಲರಿಗೂ" ಎಂದವಳು ಅಲ್ಲಿಗೇ ನಿಂತುಬಿಟ್ಟಳು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅವಳ ಭುಜ ಸ್ವಲ್ಪ ಬಾಗಿತು. ಕಣ್ಣು ಸಾಲುಸಾಲಾಗಿ ಹುಡುಕುತ್ತಾ ಬಂತು. ಯಾರನ್ನು ಎಂದು ನನಗೆ ಗೊತ್ತಿತ್ತು. ಅವನು ನನ್ನ ಪಕ್ಕದಲ್ಲೇ ಬಿಳಿ ಅಂಗಿಯಲ್ಲಿ ಕೂತಿದ್ದ. ಅವಳ ನೋಟ ಅವನನ್ನು ದಾಟಿತು, ನನ್ನ ಮೇಲೆ ನಿಂತಿತು. ಭುಜ ನೆಟ್ಟಗಾಯಿತು. ಮುಂದೆ ಎರಡು ತಾಸು ಒಂದು ಮಾತೂ ತಪ್ಪಲಿಲ್ಲ.

ಮುಗಿದ ಮೇಲೆ ಓಡಿ ಬಂದಳು. "ಅಪ್ಪಾ, ಒಂದೂ ಮಾತು ನೆನಪಾಗವಲ್ದಾಗಿತ್ತು. ಚಿಕ್ಕಪ್ಪ ಕಾಣಲಿಲ್ಲ. ಅಷ್ಟು ಮಂದ್ಯಾಗ ನೀನ ಕಂಡಿ."

ಪಕ್ಕದಲ್ಲಿ ಷಡ್ಡಕ ಕರವಸ್ತ್ರದಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಮಗಳಿಗೆ ಕಾಲು ನೋಯುತ್ತಿತ್ತಂತೆ. ಕೆಂಪು ಚಪ್ಪಲಿಯ ಪಟ್ಟಿ ಬಿಚ್ಚಲು ನನ್ನ ಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟಳು. ನಾನು ಅಲುಗಾಡದೆ ನೆಟ್ಟಗೆ ನಿಂತುಕೊಂಡೆ.